ಹೊಳೆ ದಾಟಿದ ಮೇಲೆ ಎಡಕ್ಕೆ

ಚಾಮರಾಜಪೇಟೆ, ಬೆಂಗಳೂರು
ಭಾನುವಾರ, 12 ಜನವರಿ 2025

ನನ್ನ ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಧನಲಕ್ಷ್ಮಿಯ ನಮಸ್ಕಾರ. ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ನನ್ನ ಬಲಗಾಲಿನ ಮೊಣಕಾಲೊಂದನ್ನು ಬಿಟ್ಟರೆ ನಿಜವಾಗಿಯೂ ಕ್ಷೇಮವೇ. ಅದರ ಕಥೆ ಮುಂದೆ ಬರುತ್ತದೆ. ಗಾಬರಿಯಾಗಬೇಡ, ಬರೀ ತರಚು ಗಾಯ.

ಚಾಮರಾಜಪೇಟೆಯಿಂದ ವೈಯಾಲಿಕಾವಲ್‌ಗೆ ಕಾಗದ ಬರೆಯುವಂಥದ್ದೇನಾಯಿತು ಎಂದು ನೀನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಏನು ಮಾಡಲಿ ಹೇಳು. ಫೋನಿನಲ್ಲಿ ಅಪ್ಪನ ಹೆಸರೆತ್ತಿದ ಕೂಡಲೇ ನಿನಗೆ ಕುಕ್ಕರ್ ಕೂಗುತ್ತದೆ. ಈ ಮೂರು ವರ್ಷಗಳಲ್ಲಿ ನಿಮ್ಮ ಮನೆಯ ಕುಕ್ಕರ್ ಕೂಗಿದಷ್ಟು ಮಲ್ಲೇಶ್ವರದ ಯಾವ ಹೋಟೆಲಿನ ಕುಕ್ಕರೂ ಕೂಗಿರಲಾರದು. ಕಾಗದವಾದರೆ ಒಲೆ ಆರಿಸಿ ಬಂದು ಬಿಟ್ಟಲ್ಲಿಂದ ಓದಬಹುದು.

ನನಗೆ ಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಉಬ್ಬಸ ಜಾಸ್ತಿಯಾಗಿ ಅಪ್ಪ ಒಬ್ಬನೇ ಇರಲಾರದ ಸ್ಥಿತಿ ಬಂದಾಗ ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅಂದಿನಿಂದ ನೀನು ನಮ್ಮ ಹೊಸಿಲು ತುಳಿದಿಲ್ಲ. ಮಗಳು ಬೇಕು, ಮಗಳ ಮನೆ ಬೇಡ. ನಿನ್ನನ್ನು ನೋಡಬೇಕೆಂದರೆ ನಾನು ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಾ ಮಾತಾಡಬೇಕು. ನೀನು ಒಮ್ಮೆ ನಮ್ಮ ಮನೆಗೆ ಬರಬೇಕಮ್ಮ. ಅಪ್ಪನಿಗೆ ಎಪ್ಪತ್ತೆರಡು. ನೀವಿಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದದ್ದನ್ನು ನೋಡದೆ ಹೋದರೆ ನನಗೆ ಆ ಕೊರಗು ಉಳಿಯುತ್ತದೆ. ಯಾಕೆ ಬರಬೇಕು ಎನ್ನುವುದನ್ನು ಹೇಳಲು ಇಷ್ಟು ಪುಟ ಬೇಕಾಯಿತು. ಅಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ.

ಎಲ್ಲ ಶುರುವಾದದ್ದು ನನ್ನ ಸೈಕಲ್ಲಿನಿಂದ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಿದೆ, ಒಳಗೆ ಬಿಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹಂಸಾ ನನ್ನನ್ನು ಅವರ ಗುಂಪಿಗೆ ಎಳೆದುಕೊಂಡಳು. ಬಸವನಗುಡಿಯ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ನನ್ನ ಗೆಳತಿ, ನೀನು ಒಮ್ಮೆ ಅವಳ ಕೈಯ ಚಕ್ಕುಲಿ ತಿಂದು ಹೊಗಳಿದ್ದೆ. ನಾವು ಹನ್ನೊಂದು ಜನ ಹೆಂಗಸರು. ಪ್ರತಿ ಭಾನುವಾರ ಗಾಂಧಿಬಜಾರಿನ ಹೂವಿನವರು ಬುಟ್ಟಿ ಬಿಚ್ಚುವ ಹೊತ್ತಿಗೆ ಹೊರಟು ನಂದಿಬೆಟ್ಟ, ದೇವರಾಯನದುರ್ಗ, ಸಾವನದುರ್ಗ ಎಂದು ತುಳಿಯುತ್ತೇವೆ. ಯಾವ ದಾರಿಯಲ್ಲಿ ಹೋಗಬೇಕೆಂದು ಹಂಸಾ ಮೊದಲೇ ಗುರುತು ಹಾಕಿ ಕಳಿಸುತ್ತಾಳೆ. ಈ ವಯಸ್ಸಿನಲ್ಲಿ ಚಡ್ಡಿ ಹಾಕಿಕೊಂಡು ಊರೂರು ಸುತ್ತುವುದೇನು ಎಂದು ನೀನು ಕೇಳಿದ್ದೆ. ಏರು ಹತ್ತುವಾಗ ಸೀರೆ ಸರಪಳಿಗೆ ಸಿಕ್ಕಿಕೊಳ್ಳುತ್ತದಮ್ಮ, ಅಷ್ಟೇ.

ನವೆಂಬರಿನಲ್ಲಿ ಒಂದು ಶನಿವಾರ, ಮಾರನೆಯ ದಿನ ಮಾಗಡಿಗೆ ಹೋಗಿ ಬರುವ ದಾರಿಯನ್ನು ಫೋನಿನಲ್ಲಿ ನೋಡುತ್ತಾ ಊಟದ ಮೇಜಿನ ಬಳಿ ಕುಳಿತಿದ್ದೆ. ರಸ್ತೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಅದರಲ್ಲಿ ಒಂದು ಗೆರೆ ಬರುತ್ತದೆ. ಎದುರಿಗೆ ಅಪ್ಪ ಅವರೆಕಾಯಿ ಬಿಡಿಸುತ್ತಿದ್ದ. ಅದೇನು ಎಂದ. ಹೇಳಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಇದು ಮಾಗಡಿಯಿಂದ ವಾಪಸ್ ಬರೋದಾ?" ಎಂದು ಕೇಳಿ, ಗೆರೆ ನೆಟ್ಟಗೆ ಎದ್ದ ಒಂದು ಕಡೆ ಬೆರಳಿಟ್ಟ. "ಇಲ್ಲಿ ಇಳೀತೀಯಾ ನೋಡು. ಇದು ಬೋಳುದಿಣ್ಣೆ."

ಮೂವತ್ತೈದು ವರ್ಷದಿಂದ ಆ ಕಡೆ ತಲೆ ಹಾಕದ ಮನುಷ್ಯ. ನನಗೆ ರೇಗಿತು. ಇಪ್ಪತ್ತೊಂದು ಗೇರಿನ ಸೈಕಲ್ಲು ನನ್ನದು, ಯಾಕೆ ಇಳಿಯಲಿ ಎಂದೆ. ಮಾರನೆಯ ದಿನ ಬಂದೆ, ಅರ್ಕಾವತಿ ಹೊಳೆ ದಾಟಿದೆ, ಬೋಳುದಿಣ್ಣೆಯ ಏರು ಶುರುವಾಯಿತು, ಅಪ್ಪ ಬೆರಳಿಟ್ಟ ಜಾಗದಲ್ಲೇ ಇಳಿದೆ. ಮನೆಗೆ ಬಂದು ಸೋತೆ ಎಂದು ಒಪ್ಪಿಕೊಂಡು, ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದೆ. ಅಪ್ಪ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ, "ಇದೆ. ಹೊಳೆ ದಾಟಿದ ಮೇಲೆ ಎಡಕ್ಕೆ. ದೂರ." ಹೇಳಿದವನೇ ಅರ್ಧ ಊಟ ಬಿಟ್ಟು ಎದ್ದು ಬಾಲ್ಕನಿಗೆ ಹೋದ.

ಹೊಳೆ ದಾಟಿದ ಮೇಲೆ ಎಡಕ್ಕೆ. ಅಮ್ಮ, ಈ ಮಾತನ್ನು ನಾನು ಮೊದಲು ಕೇಳಿದ್ದು ಮುನಿಕೃಷ್ಣ ಮಾವನ ಬಾಯಲ್ಲಿ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಏಳು ವರ್ಷದ ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ನೀನೇ ನೋಡು. ಆಗ ಮಾಗಡಿಯ ಅವರೆಕಾಯಿ ಸೈಕಲ್ಲಿನ ಮೇಲೆ ಬೆಂಗಳೂರಿನ ದೊಡ್ಡ ಮಾರ್ಕೆಟ್ಟಿಗೆ ಬರುತ್ತಿತ್ತು. ಹಿಂದೆ ಎರಡು ಮೂಟೆ, ನಡುವಿನ ಕಂಬಿಗೆ ಒಂದು. ಅದನ್ನು ತುಳಿಯುವವರಿಗೆ ಹೊರೆ ಕೊಡುತ್ತಿದ್ದವನು ತಾತ. ನಿನಗೆ ಗಂಡು ನೋಡುವಾಗ ತಾತ ಜಾತಕ ನೋಡಲಿಲ್ಲ. ಮೂವರು ಹುಡುಗರಿಗೆ ಸಮನಾಗಿ ಹೊರೆ ಕಟ್ಟಿಸಿ, ಹೊಳೆಯ ಸೇತುವೆಯಿಂದ ಬೋಳುದಿಣ್ಣೆಯ ನೆತ್ತಿಯವರೆಗೆ ಕಾಲು ನೆಲಕ್ಕೂರದೆ ಬಂದವನಿಗೆ ಪಿಳ್ಳಮ್ಮನನ್ನು ಕೊಡುತ್ತೇನೆ ಎಂದ. ಇಬ್ಬರು ಅರ್ಧದಲ್ಲಿ ಇಳಿದರು. ನಮ್ಮಪ್ಪ ಅಶ್ವತ್ಥಪ್ಪ ಇಳಿಯಲಿಲ್ಲ. ಇಳಿಯದ ಅಶ್ವತ್ಥಪ್ಪ ಎಂದೇ ಮಾರ್ಕೆಟ್ಟಿನಲ್ಲಿ ಹೆಸರಾಯಿತು. ಈ ಕಥೆಯನ್ನು ನೀನು ನಲ್ಲಿಯ ಹತ್ತಿರ ಹೆಂಗಸರಿಗೆ ಎಷ್ಟು ಸಲ ಹೇಳಿದ್ದೀಯೋ ಲೆಕ್ಕವಿಲ್ಲ. ಹೇಳುವಾಗ ನಿನ್ನ ಕೊರಳು ಉದ್ದವಾಗುತ್ತಿತ್ತು.

ಆಮೇಲೆ ಅವನು ತಡವಾಗಿ ಬರತೊಡಗಿದ. ಮಾವನೂ ಅಪ್ಪನೂ ಒಂದೇ ಹೊತ್ತಿಗೆ ಮಾಗಡಿಯಲ್ಲಿ ತೂಕ ಮಾಡಿಸಿ ಹೊರಡುತ್ತಿದ್ದರು. ಮಾವ ಬೆಳಗ್ಗೆ ಎಂಟು ಗಂಟೆಗೆಲ್ಲ ಮಾರ್ಕೆಟ್ಟಿನಲ್ಲಿ ಹೊರೆ ಇಳಿಸಿ ಮನೆ ಸೇರುತ್ತಿದ್ದ. ಅಪ್ಪ ಹತ್ತೂವರೆಗೆ. ಬೇರೆ ಮನೆಯ ಹೆಂಗಸಾಗಿದ್ದರೆ ದಾರಿಯಲ್ಲಿ ಏನೋ ಆಗಿರಬೇಕು ಎಂದು ಸುಮ್ಮನಾಗುತ್ತಿದ್ದಳು. ನೀನು ಹೊರೆ ತುಳಿಯುವವರ ಮನೆಯಲ್ಲಿ ಹುಟ್ಟಿದವಳು. ಮಾಗಡಿಯಿಂದ ಮಾರ್ಕೆಟ್ಟಿಗೆ ಎಷ್ಟು ಮೂಟೆಗೆ ಎಷ್ಟು ಹೊತ್ತು ಎಂದು ನಿನಗೆ ನಿದ್ದೆಯಲ್ಲೂ ಗೊತ್ತು. ವಾರಕ್ಕೆ ಎರಡು ಸಲ ಎರಡೂವರೆ ಗಂಟೆ ಎಲ್ಲಿ ಹೋಗುತ್ತದೆ? ಪಂಕ್ಚರ್ ಎಂದ, ಮಳೆ ಎಂದ, ಪೊಲೀಸು ಎಂದ. ರಾತ್ರಿ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡತೊಡಗಿದ, ಒಳಗೆ ಸೆಕೆ ಎಂದ. ಒಂದು ದಿನ ಮಾವ ಬಂದು ಹೇಳಿದ, "ಭಾವ ಹೊಳೆ ದಾಟಿದ್ಮೇಲೆ ಎಡಕ್ಕೆ ತಿರುಗ್ತಾನೆ ಕಣಕ್ಕ. ನಾವು ಮುಂದೆ ಹೋಗ್ಬೇಕಂತೆ." ಇನ್ನೊಂದು ವಾರಕ್ಕೆ, ಕಲ್ಲುಬಾವಿಪಾಳ್ಯದಲ್ಲಿ ಬೈರಮ್ಮ ಎನ್ನುವ ವಿಧವೆಯ ಜಗಲಿಯ ಮೇಲೆ ಅಂಗಿ ಬಿಚ್ಚಿ ಕುಳಿತಿದ್ದನಂತೆ, ಅವಳು ಬೆನ್ನಿಗೆ ಎಣ್ಣೆ ಉಜ್ಜುತ್ತಿದ್ದಳಂತೆ ಎನ್ನುವ ಸುದ್ದಿ ಬಂತು. ನೀನು ಹೋಗಿ ನೋಡಲಿಲ್ಲ. ಅಪ್ಪನನ್ನು ಕೇಳಲೂ ಇಲ್ಲ. ನನ್ನ ಕೈ ಹಿಡಿದುಕೊಂಡು ವೈಯಾಲಿಕಾವಲ್‌ಗೆ, ಮುನಿಕೃಷ್ಣ ಮಾವನ ಮನೆಗೆ ಬಂದುಬಿಟ್ಟೆ.

ಇಷ್ಟು ಸರಿಯಾಗಿದೆ ತಾನೆ? ಹಾಗಾದರೆ ಇನ್ನು ನಿನಗೆ ಗೊತ್ತಿಲ್ಲದ್ದು.

ಅಪ್ಪ ಅರ್ಧ ಊಟಕ್ಕೆ ಎದ್ದು ಹೋದ ದಿನದಿಂದ ನನಗೆ ಕುತೂಹಲ ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಕೆಟ್ಟ ಕುತೂಹಲವೇ. ಆ ಊರಿನಲ್ಲಿ ನನಗೊಬ್ಬ ತಮ್ಮನೋ ತಂಗಿಯೋ ಇರಬಹುದಲ್ಲ ಎಂದುಕೊಂಡೆ. ಹಂಸಾಳಿಗೆ ಮಾತ್ರ ವಿಷಯ ಹೇಳಿ, ಡಿಸೆಂಬರಿನ ಮೊದಲ ಭಾನುವಾರ ಹೊಳೆ ದಾಟಿದ ಮೇಲೆ ಇಬ್ಬರೂ ಎಡಕ್ಕೆ ತಿರುಗಿದೆವು. ಕೆರೆಕಟ್ಟೆ, ಅದು ಮುಗಿದಲ್ಲಿ ಮೂರು ಹುಣಸೆಮರ, ಅಲ್ಲಿಂದ ಬಲಕ್ಕೆ ಎಂದು ಅಪ್ಪನ ಬಾಯಿಂದ ಹೇಗೋ ಹೊರಡಿಸಿಕೊಂಡಿದ್ದೆ. ಹುಣಸೆಮರಗಳಿರಬೇಕಾದ ಕಡೆ ಒಂದು ದೊಡ್ಡ ಲೇಔಟಿನ ಗೇಟು. ಕೆರೆ ಎಲ್ಲಿ ಎಂದು ಕಾವಲುಗಾರನನ್ನು ಕೇಳಿದರೆ, "ಕೆರೆ ಯಾವ್ದೂ ಇಲ್ಲ ಮೇಡಂ, ಸೈಟ್ ನೋಡ್ತೀರಾ?" ಎಂದ. ಬಿಸಿಲು ಏರಿತ್ತು, ವಾಪಸ್ ಬಂದೆವು.

ಹುಣಸೆಮರ ಕಡಿದುಹಾಕಿದ್ದಾರೆ ಎಂದು ಅಪ್ಪನಿಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು. ತನ್ನ ಮನೆಯ ಮರವನ್ನೇ ಯಾರೋ ಕಡಿದ ಹಾಗೆ ಸಿಟ್ಟಾದ. "ಮರ ಹೋದ್ರೆ ಹೋಗ್ಲಿ, ಬಂಡೆ ಎಲ್ಲಿಗ್ ಹೋಗುತ್ತೆ? ದೊಡ್ಡ ಬಂಡೇನ ಬಲಕ್ಕಿಟ್ಕೊಂಡು ಹೋಗು," ಎಂದು ಬಿಡಿಸಿಟ್ಟ ಅವರೆಕಾಳನ್ನು ತಟ್ಟೆಯಲ್ಲಿ ಒಂದೊಂದಾಗಿ ಜೋಡಿಸತೊಡಗಿದ. ಇದು ಹೊಳೆ, ಇದು ಕಟ್ಟೆ, ಇದು ಬಂಡೆ, ಇಲ್ಲಿಂದ ಹಳೇ ಕಾಲುವೆಯ ಪಕ್ಕ. ಕಾಲುವೆ ತಿರುಗುವ ಕಡೆ ಒಂದು ಕಾಳನ್ನು ಸಾಲಿನಿಂದ ಸ್ವಲ್ಪ ಆಚೆಗಿಟ್ಟ. ಅದೇನು ಎಂದೆ. "ಅಲ್ಲಿ ನೀರು ಸಿಗುತ್ತೆ," ಎಂದ. ಯಾರ ಮನೆಯ ನೀರು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡರೆ ಅವನು ಇನ್ನಷ್ಟು ಕಾಳು ಇಡುತ್ತಾನೆ ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಎರಡನೆಯ ಸಲ ಬಂಡೆ ಸಿಕ್ಕಿತು. ಬಂಡೆಯಿಂದ ಕಾಲುವೆಯೂ ಸಿಕ್ಕಿತು. ನೀರಿಲ್ಲ, ಅರ್ಧ ಮುಚ್ಚಿಹೋಗಿದೆ, ಆದರೆ ಪಕ್ಕದ ದಾರಿ ಹಾಗೆಯೇ ಇದೆ. ಅಮ್ಮ, ಆ ದಾರಿಯನ್ನು ಏನೆಂದು ಹೇಳಲಿ. ಗುಡ್ಡದ ಸೊಂಟ ಬಳಸಿಕೊಂಡು ರಾಗಿ ಹೊಲ, ಹುರುಳಿ ಹೊಲಗಳ ನಡುವೆ ಹೋಗುತ್ತದೆ. ಎಡಕ್ಕೆ ದೂರದಲ್ಲಿ ಸಾವನದುರ್ಗ ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ. ಎಷ್ಟು ತುಳಿದರೂ ಏರುತ್ತಿದ್ದೇವೆ ಎನ್ನಿಸುವುದೇ ಇಲ್ಲ. ನಾನು ಒಂದು ಸಲವೂ ಗೇರು ಬದಲಿಸಲಿಲ್ಲ. ಕೊನೆಗೆ ತಾವರೆಕೆರೆಯ ಹತ್ತಿರ ದೊಡ್ಡ ರಸ್ತೆಗೆ ಬಂದು ಸೇರಿದಾಗ ಹಂಸಾ ಫೋನು ತೆಗೆದು ನೋಡಿ ಅಲ್ಲೇ ನಿಂತುಬಿಟ್ಟಳು. ನಾವು ಬೋಳುದಿಣ್ಣೆ ಹತ್ತಿದಷ್ಟೇ ಎತ್ತರ ಹತ್ತಿದ್ದೆವು. ಅಲ್ಲಿ ಒಂದೂವರೆ ಕಿಲೋಮೀಟರಿನಲ್ಲಿ ಹತ್ತುವುದನ್ನು ಇಲ್ಲಿ ಇಪ್ಪತ್ತನಾಲ್ಕು ಕಿಲೋಮೀಟರಿಗೆ ಚೂರು ಚೂರಾಗಿ ಹಂಚಿತ್ತು. ಇದನ್ನು ಹುಡುಕಿದವರು ಇಂಜಿನಿಯರೇ ಎಂದು ಕೇಳಿದಳು. ನಮ್ಮಪ್ಪ, ಮೂರನೇ ಕ್ಲಾಸು ಎಂದೆ. ಹೇಳುವಾಗ ನನ್ನ ಕೊರಳೂ ಉದ್ದವಾಗಿತ್ತು.

ಆದರೆ ಇಳಿಯದ ಅಶ್ವತ್ಥಪ್ಪನಿಗೆ ಇಂಥ ದಾರಿ ಯಾಕೆ ಬೇಕಿತ್ತು?

ಕಳೆದ ಭಾನುವಾರ ಸಾಲಿನ ಆಚೆಯ ಆ ಕಾಳನ್ನು ಹುಡುಕಿಕೊಂಡು ಹೋದೆವು. ಕಾಲುವೆ ತಿರುಗುವ ಕಡೆ ಒಂದು ಹೆಂಚಿನ ಮನೆ, ಮುಂದೆ ಸೋರೆಬಳ್ಳಿಯ ಚಪ್ಪರ. ಚಪ್ಪರಕ್ಕೆ ಕೊಟ್ಟಿದ್ದ ಒಂದು ಕಂಬದ ಮೇಲೆ ನನ್ನ ಕಣ್ಣು ಬಿತ್ತು. ಕವೆಗೋಲು. ಹೊರೆ ಕಟ್ಟಿದ ಸೈಕಲ್ಲನ್ನು ನಿಲ್ಲಿಸಲು ಊರುತ್ತಿದ್ದರಲ್ಲ, ಅದೇ ಕೋಲು. ಕವೆಗೆ ಸುತ್ತಿದ ರಬ್ಬರ್ ಟ್ಯೂಬಿನ ಚೂರು ಇನ್ನೂ ಹಾಗೇ ಇತ್ತು. ಅಪ್ಪನ ಕೋಲನ್ನು ಕುದುರೆ ಮಾಡಿಕೊಂಡು ಆಡಿದವಳು ನಾನು, ನನಗೆ ಗುರುತು ಸಿಗದಿದ್ದೀತೆ? ಅದನ್ನೇ ನೋಡುತ್ತಾ ದಾರಿಯ ಕಲ್ಲನ್ನು ನೋಡಲಿಲ್ಲ. ಆ ಮನೆಯ ಬಾಗಿಲಲ್ಲೇ ಬಿದ್ದೆ. ಮೊಣಕಾಲಿನ ಕಥೆ ಇಷ್ಟೇ.

ಓಡಿ ಬಂದು ಎತ್ತಿದವಳು ಬೈರಮ್ಮನೇ. ನಿನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಬಾಗಿದ ಬೆನ್ನು, ಬಾಯಿ ಮಾತ್ರ ಗಟ್ಟಿ. ಗಾಯ ತೊಳೆದು ಅರಿಶಿನ ಒತ್ತಿ, ಯಾರ ಮಗಳು ಎಂದು ಕೇಳಿದಳು. ಅಶ್ವತ್ಥಪ್ಪನ ಮಗಳು ಎಂದೆ. ಅರಿಶಿನದ ಕೈ ಹಾಗೇ ನಿಂತಿತು. "ಬದುಕವ್ನಾ?" ಎಂದಳು. ಅಷ್ಟರಲ್ಲಿ ಅವಳ ಮಗ ಬೈರಯ್ಯ ಹುಲ್ಲಿನ ಹೊರೆ ಹೊತ್ತು ಬಂದ. ನಾನು ಬಿಟ್ಟ ಕಣ್ಣು ಮುಚ್ಚದೆ ಅವನ ಮೂಗು ನೋಡಿದೆ. ನಮ್ಮ ಮನೆಯ ಮೂಗಲ್ಲ. ವಯಸ್ಸೂ ನನಗಿಂತ ಜಾಸ್ತಿ. ಸಮಾಧಾನವಾಯಿತೋ ನಿರಾಸೆಯಾಯಿತೋ ಈಗಲೂ ಹೇಳಲಾರೆ.

ಹಂಸಾ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರೂ ನಾನು ಕೇಳಿಯೇಬಿಟ್ಟೆ. ನಿನಗೂ ನಮ್ಮಪ್ಪನಿಗೂ ಏನಿತ್ತಮ್ಮ ಎಂದೆ. ಅವಳು ಎದೆ ಹಿಡಿದುಕೊಂಡು ನಕ್ಕಳು. "ಉಸ್ರು ಎಳ್ಕೊಳಾಕೇ ಆಗ್ದೋನು ಇನ್ನೇನ್ ಮಾಡಾನವ್ವಾ? ಕಾಲುವೆ ತಾವ ಕೋಲು ಊರಿ, ಮೀನು ದಡಕ್ಕೆ ಬಿದ್ದಂಗೆ ಬಾಯಿ ಬಿಡ್ತಿದ್ದ. ನಮ್ ಯಜಮಾನ್ರೂ ಅಂಗೇ ಉಬ್ಬಸದಾಗೇ ಹೋದ್ರು. ಕಂಡೂ ಕಂಡೂ ಎಂಗ್ ಬುಡಾದು? ಎಣ್ಣೆಗ್ ಕರ್ಪೂರ ಹಾಕಿ ಬೆನ್ನಿಗ್ ತಿಕ್ತಿದ್ದೆ. ಬಿಸ್ನೀರು ಕುಡುದು, ಅರ್ಧ ಮುಕ್ಕಾಲು ಗಂಟೆ ಕುಂತು ಓಗ್ತಿದ್ದ. ಎಂಡ್ರುಗೆ ಏಳಪ್ಪ ಅಂದ್ರೆ, ಏಳಾಕಾಗಲ್ಲ ಕಣಕ್ಕ ಅಂತಿದ್ದ."

ನಮಗೆಲ್ಲ ಅದು ಮುದುಕನಾದ ಮೇಲೆ ಬಂದ ಉಬ್ಬಸ ಎಂದಿತ್ತಲ್ಲಮ್ಮ. ಆಗ ಅವನಿಗೆ ನಲವತ್ತೂ ಆಗಿರಲಿಲ್ಲ. ಕೋಲು ಇಲ್ಲೇಕೆ ಉಳಿಯಿತು ಎಂದು ಕೇಳಿದೆ. ಕೊನೆಯ ದಿನ ಮಳೆ ಮೋಡ ಕಂಡು ಅವಸರದಲ್ಲಿ ಮರೆತು ಹೋದನಂತೆ, ಮುಂದಿನ ವಾರ ಬರುತ್ತಾನೆ ಎಂದು ಎತ್ತಿಟ್ಟಳಂತೆ, ಅವನು ಬರಲೇ ಇಲ್ಲವಂತೆ. ಆ ದಿನವೇ ಅವನು ಮನೆಗೆ ಬಂದಾಗ ನಾವಿಬ್ಬರೂ ಇರಲಿಲ್ಲ. ಆಮೇಲೆ ಅವನು ಹೊರೆ ತುಳಿಯುವುದನ್ನೇ ಬಿಟ್ಟು ಇಲ್ಲಿ ತರಕಾರಿ ಗಾಡಿ ಇಟ್ಟುಕೊಂಡ.

ಸಂಜೆ ಕುಂಟುತ್ತಾ ಮನೆಗೆ ಬಂದು, ಬೈರಮ್ಮ ಚಪ್ಪರದಿಂದ ಬಿಡಿಸಿಕೊಟ್ಟ ಕೋಲನ್ನು ಗೋಡೆಗೆ ಒರಗಿಸಿ, ಅಪ್ಪನ ಎದುರು ಕುಳಿತೆ. ಅವನು ಕೋಲನ್ನು ನೋಡಿದ, ನನ್ನ ಮೊಣಕಾಲು ನೋಡಿದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕವೆಯ ರಬ್ಬರನ್ನು ಬೆರಳಿನಿಂದ ಒತ್ತಿ ನೋಡುತ್ತಾ, "ನಿಮ್ಮಮ್ಮ ನನ್ನ ಕಟ್ಕೊಂಡಿದ್ದೇ ಆ ಏರು ಹತ್ತಿದ್ದಕ್ಕೆ. ಹತ್ತೋಕಾಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದ. ಆಮೇಲೆ ಮಕ್ಕಳ ಹಾಗೆ ಹಠದಿಂದ ಇನ್ನೊಂದು ಮಾತು ಹೇಳಿದ, "ಆದ್ರೆ ನಾನು ಇಳೀಲಿಲ್ಲ ಧನು. ಆ ದಾರೀಲಿ ಒಂದ್ ದಿನಾನೂ ಏರಿಗೆ ಅಂತ ಇಳೀಲಿಲ್ಲ."

ನೀನು ಮಾತು ನಂಬುವವಳಲ್ಲ, ಗಂಟೆ ನಂಬುವವಳು. ಅದಕ್ಕೇ ನಿನ್ನೆ ಒಂದು ಕೆಲಸ ಮಾಡಿದೆ. ನನ್ನ ಮಾವನವರು ಬಿಟ್ಟುಹೋದ ಹಳೆಯ ಗಟ್ಟಿ ಸೈಕಲ್ಲಿದೆಯಲ್ಲ, ಗೇರಿಲ್ಲದ್ದು. ನನ್ನ ಗಂಡ ಮುರುಗೇಶ್ ಅದನ್ನು ಟೆಂಪೋದಲ್ಲಿ ಹೊಳೆಯ ಸೇತುವೆಯವರೆಗೆ ತಂದುಕೊಟ್ಟ. ಬೈರಯ್ಯನ ಹೊಲದ ನಲವತ್ತು ಕಿಲೋ ಅವರೆಕಾಯಿ ಹೇರಿಕೊಂಡೆ. ಅಪ್ಪ ತುಳಿಯುತ್ತಿದ್ದದ್ದರ ಅರ್ಧವೂ ಅಲ್ಲ ಅದು. ಹಂಸಾ ಗಡಿಯಾರ ಹಿಡಿದಳು.

ಮೊದಲು ಬೋಳುದಿಣ್ಣೆಯ ದಾರಿ. ಎರಡು ಸಲ ಇಳಿದೆ, ನಾಚಿಕೆಯಿಲ್ಲದೆ ಇಳಿದೆ, ಹಂಸಾ ಹಿಂದಿನಿಂದ ತಳ್ಳಿದಳು. ಸೇತುವೆಯಿಂದ ತಾವರೆಕೆರೆಗೆ ಒಂದು ಗಂಟೆ ಐದು ನಿಮಿಷ. ಟೆಂಪೋದಲ್ಲಿ ವಾಪಸ್ ಸೇತುವೆಗೆ ಬಂದು, ಊಟ ಮಾಡಿ, ಎಡಕ್ಕೆ ತಿರುಗಿದೆ. ಲೇಔಟಿನ ಗೇಟು, ಬಂಡೆ, ಕಾಲುವೆ. ಬೈರಮ್ಮನ ಜಗಲಿಯಲ್ಲಿ ಮುಕ್ಕಾಲು ಗಂಟೆ ಕುಳಿತೆ, ಕುಳಿತದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು. ಒಂದು ಕಡೆಯೂ ಇಳಿಯಲಿಲ್ಲ. ಮೂರು ಗಂಟೆ ಮೂವತ್ತೈದು ನಿಮಿಷ. ಎರಡರ ನಡುವೆ ಎಷ್ಟು ಎಂದು ನೀನೇ ಕಳೆದು ನೋಡು.

ನಿನ್ನ ಗಡಿಯಾರ ತಪ್ಪು ತೋರಿಸಿರಲಿಲ್ಲ ಅಮ್ಮ. ಎರಡೂವರೆ ಗಂಟೆ ನಿಜವಾಗಿಯೂ ಹೋಗುತ್ತಿತ್ತು. ಹೋಗುತ್ತಿದ್ದದ್ದು ದಾರಿಗೆ.

ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಏದುಸಿರು ಬರುತ್ತಿದೆ ಎಂದು ಹೆಂಡತಿಗೆ ಹೇಳುವುದಕ್ಕಿಂತ ಇಪ್ಪತ್ತನಾಲ್ಕು ಕಿಲೋಮೀಟರು ತುಳಿಯುವುದು ಅವನಿಗೆ ಸುಲಭವಾಯಿತು. ಎಲ್ಲಿಗೆ ಹೋಗಿದ್ದೆ ಎಂದು ಒಂದು ಮಾತು ಕೇಳುವುದಕ್ಕಿಂತ ಮನೆ ಬಿಡುವುದು ನಿನಗೆ ಸುಲಭವಾಯಿತು. ನನ್ನನ್ನು ಮಾತ್ರ ಗೋಡೆ ಗಡಿಯಾರದ ಕೆಳಗೆ ಕೂರಿಸಿದಿರಿ. ಗಂಟೆ ನೋಡುವುದನ್ನು ನನಗೆ ಕಲಿಸಿದ್ದು ಸ್ಕೂಲಲ್ಲ, ನೀನು. ಚಿಕ್ಕ ಮುಳ್ಳು ಎಲ್ಲಿದೆ, ದೊಡ್ಡ ಮುಳ್ಳು ಎಲ್ಲಿದೆ, ಅಪ್ಪ ಬಂದಾಗ ಕೂಗಿ ಹೇಳು ಎಂದು ಕಲಿಸಿದ್ದೆ. ಮಗ್ಗಿ ಬರುವ ಮೊದಲೇ ನನಗೆ ಹತ್ತೂವರೆ ಗೊತ್ತಾಗುತ್ತಿತ್ತು.

ಸಿಟ್ಟು ನನ್ನ ಮೇಲೂ ಇದೆ. ಇದನ್ನು ಬರೆಯಲು ಬೆಳಗ್ಗೆಯಿಂದ ಪೆನ್ನು ಹಿಂದೆ ಮುಂದೆ ನೋಡುತ್ತಿದೆ. ಒಂದು ದಿನ ನಾನು ಪೆನ್ಸಿಲ್ ತರಲು ಹೋದವಳು ನಮ್ಮ ಬೀದಿಯ ತಿರುವಿನಲ್ಲಿ ಅಪ್ಪನನ್ನು ನೋಡಿದೆ. ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ ಮೊಣಕಾಲಿಗೆ ಕೈಯೂರಿ ಕುಳಿತಿದ್ದ. ಎದೆಯೊಳಗೆ ಏನೋ ಕುಯ್ಯಿ ಕುಯ್ಯಿ ಎನ್ನುತ್ತಿತ್ತು, ತುಟಿ ನೀಲಿಯಾಗಿತ್ತು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಜೇಬಿನಿಂದ ಒಂದು ಸೀಬೆಹಣ್ಣು ತೆಗೆದುಕೊಟ್ಟ. ಸ್ವಲ್ಪ ಸುಧಾರಿಸಿಕೊಂಡು ಎದ್ದು, ಮುಖ ಒರೆಸಿಕೊಂಡು, ಗಂಟೆ ಬಾರಿಸುತ್ತಾ ಗತ್ತಿನಿಂದ ಮನೆಯ ಮುಂದೆ ಬಂದಿಳಿದ. ನೀನು ಎಷ್ಟು ಗಂಟೆ ಎಂದು ಕೇಳಿದೆ. ಹತ್ತೂವರೆ ಎಂದು ಕೂಗಿದೆ. ಅದನ್ನಷ್ಟೇ ಕೂಗಿದೆ. ಬೈರಮ್ಮ ಮೀನಿನ ಮಾತು ಹೇಳಿದಾಗ ಎಲ್ಲ ನೆನಪಾಯಿತು ಎಂದು ಹಂಸಾಳಿಗೆ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ನಾನು ಅದನ್ನು ಯಾವತ್ತೂ ಪೂರ್ತಿ ಮರೆತಿರಲಿಲ್ಲ. ಹೇಳುವ ಹೊತ್ತು ದಾಟಿಹೋಯಿತು ಎಂದು ಪ್ರತಿ ವರ್ಷವೂ ಅಂದುಕೊಂಡೆ. ನನ್ನನ್ನು ಕ್ಷಮಿಸಮ್ಮ.

ಇನ್ನು ನೀನು ಬರುವುದು ಬಿಡುವುದು. ನಾನು ನ್ಯಾಯ ಹೇಳಲು ಕುಳಿತಿಲ್ಲ. ಸುಳ್ಳು ಹೇಳಿದ್ದು ಅಪ್ಪನೇ, ಪಂಕ್ಚರ್ ಎಂದದ್ದು ಅವನೇ. ಅದಕ್ಕೆ ನೀನು ಬೈಯಬಹುದು. ಆದರೆ ಬೈಯುವುದಕ್ಕಾದರೂ ಎದುರಿಗೆ ಬರಬೇಕಲ್ಲ. ಮಾತಾಡಲು ಇಷ್ಟವಿಲ್ಲದಿದ್ದರೆ ಒಂದು ತಟ್ಟೆಯಲ್ಲಿ ಅವರೆಕಾಳು ಕೊಡು, ಅವನು ದಾರಿ ತೋರಿಸುತ್ತಾನೆ. ನೋಡುವಂತಿದೆ ಅದು. ಮುನಿಕೃಷ್ಣ ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಮಾವನ ಮೇಲೆ ಎಗರಾಡಬೇಡ, ಅವನು ಕಂಡದ್ದನ್ನೇ ಹೇಳಿದ್ದಾನೆ.

ಮೊಣಕಾಲಿಗೆ ಮುಲಾಮು ಹಚ್ಚುತ್ತಿದ್ದೇನೆ, ನೀನು ಕೇಳುವ ಮೊದಲೇ ಬರೆದಿದ್ದೇನೆ.

ನಿನ್ನ ದಾರಿ ನೋಡುತ್ತಿರುವ ಮಗಳು,
ಧನಲಕ್ಷ್ಮಿ

ಮತ್ತೊಂದು ಮಾತು. ಮಂಗಳವಾರ, ಸಂಕ್ರಾಂತಿಯ ಬೆಳಗ್ಗೆ.

ಅಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ ಎಂದು ಬರೆದದ್ದು ಭಾನುವಾರದ ಮಟ್ಟಿಗೆ ನಿಜ. ನಿನ್ನೆ ಅಂಚೆಗೆ ಹಾಕಬೇಕೆಂದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಾಗ ಅಷ್ಟೂ ಓದಿಬಿಟ್ಟಿದ್ದಾನೆ. ಬೈಯುತ್ತಾನೆಂದು ಕಾದೆ. ಒಂದೇ ಒಂದು ತಿದ್ದುಪಡಿ ಹೇಳಿದ. ಬೈರಮ್ಮನ ಜಗಲಿಯಲ್ಲಿ ಮುಕ್ಕಾಲು ಗಂಟೆ ಕೂರುತ್ತಿರಲಿಲ್ಲವಂತೆ, ಅರ್ಧ ಗಂಟೆ ಎಂದು ಬರೆಯಬೇಕಂತೆ. ಬರೆದಿದ್ದೇನೆ.

ಆಮೇಲೆ, ಅಂಚೆ ಬೇಡ, ನಾನೇ ಕೊಡ್ತೀನಿ ಎಂದ. ಸ್ಕೂಟರಿನಲ್ಲಿ ಬಿಡುತ್ತೇನೆ ಎಂದು ಮುರುಗೇಶ್ ಹೇಳಿದರೂ ಕೇಳಲಿಲ್ಲ. ಈಗ ಆ ಹಳೆಯ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬಂದು, ಐದು ಕಿಲೋ ಅವರೆಕಾಯಿ ಕಟ್ಟಿ, ಉಸಿರಿನ ಪಂಪನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಕವೆಗೋಲನ್ನೂ ಕಟ್ಟಿಕೊಂಡಿದ್ದಾನೆ. ಶೇಷಾದ್ರಿಪುರದ ಕಡೆಯ ಏರು ಬೇಡವಂತೆ. ರಾಜಾಜಿನಗರ ಸುತ್ತಿ, ಮಲ್ಲೇಶ್ವರ ದಾಟಿ, ಸ್ಯಾಂಕಿ ಕೆರೆಯ ಬದಿಯಿಂದ ಬರುತ್ತಾನಂತೆ. ಅವನಿಗೆ ಕಾಣದ ಹಾಗೆ ಮುರುಗೇಶ್ ಹಿಂದೆ ಸ್ಕೂಟರಿನಲ್ಲಿ ಬರುತ್ತಾನೆ, ನೀನೂ ಕಾಣದವಳ ಹಾಗೆ ಇರು.

ನೀನು ಇದನ್ನು ಓದುತ್ತಿರುವಾಗ ಅಪ್ಪ ಕೋಲು ಊರಿ ನಿಮ್ಮ ಗೇಟಿನ ಆಚೆ ನಿಂತಿರುತ್ತಾನೆ. ಒಳಗೆ ಕರೆಯುವುದು ನಿನಗೆ ಬಿಟ್ಟದ್ದು. ಕರೆದರೆ, ಎಷ್ಟು ಹೊತ್ತಿಗೆ ಹೊರಟೆ ಎಂದು ಮಾತ್ರ ಕೇಳಬೇಡ. ಯಾವ ದಾರಿಯಲ್ಲಿ ಬಂದೆ ಎಂದು ಕೇಳು.